ತೂಬಿನ ಗಂಟೆ

"ಗುರುಗಳೇ, ಒಮ್ಮೆ ಕದ್ದವನನ್ನು ನಂಬಿ ಬಿಟ್ಟರೆ ಅವನು ಮತ್ತೆ ಕದಿಯುತ್ತಾನೆ. ಹಾಗಿದ್ದ ಮೇಲೆ ಬಿಡುವುದಾದರೂ ಯಾಕೆ?"

ಕೇಳಿದವನು ಕೊಟ್ರೇಶ. ತಾಲ್ಲೂಕಿನ ಊರಿನಲ್ಲಿ ಪರಿವೀಕ್ಷಣಾಧಿಕಾರಿ. ಮೊದಲ ಸಲ ಸಣ್ಣ ಅಪರಾಧ ಮಾಡಿ ಸಿಕ್ಕಿಬಿದ್ದವರನ್ನು ನ್ಯಾಯಾಲಯ ಕೆಲವೊಮ್ಮೆ ಜೈಲಿಗೆ ಕಳಿಸದೆ, ಇನ್ನು ನೆಟ್ಟಗೆ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡುತ್ತದೆ. ಹಾಗೆ ಬಿಟ್ಟವರ ಮೇಲೆ ವರ್ಷವಿಡೀ ಕಣ್ಣಿಡುವುದು ಅವನ ಕೆಲಸ. ತಿಂಗಳಿಗೊಂದು ಭಾನುವಾರ ಅವನು ಬೆಟ್ಟದ ಮೇಲಿನ ಮಠಕ್ಕೆ ಬಂದು ಗುರುಗಳ ಎದುರು ಕೂರುತ್ತಿದ್ದ.

ಗುರುಗಳು ದೀಪದ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ಬರುವಾಗಲೇ ಹೊರಡುವ ಅವಸರ ಮುಖದಲ್ಲಿದೆ. ಇವತ್ತು ಉಳಿಯುವುದಿಲ್ಲವೋ?"

"ಇಲ್ಲ ಗುರುಗಳೇ, ಸಂಜೆಯ ಬಸ್ಸಿಗೆ ಹೋಗಿಬಿಡುತ್ತೇನೆ. ನಾಳೆ ನಮ್ಮೂರಿನ ಸಂತೆ. ಬೆಳಗಿನ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ."

"ಸರಿ. ಪ್ರಶ್ನೆ ಯಾರದು? ನಿನ್ನದೋ, ನಿನ್ನ ಕಚೇರಿಯದೋ?"

"ನನ್ನದೇ. ನನ್ನ ಉಸ್ತುವಾರಿಗೆ ಬಿಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ವರ್ಷ ತುಂಬುವುದರೊಳಗೆ ಮತ್ತೆ ಬೀಳುತ್ತಾರೆ. ಯಾಕೆ ಹೀಗೆ ಅಂತ ಮೇಲಿನವರು ನನ್ನನ್ನು ಕೇಳುತ್ತಾರೆ. ಏನು ಹೇಳಲಿ? ಈಗ ಹುಲಿಗೇಶ ಅಂತ ಒಬ್ಬ ಹುಡುಗನಿದ್ದಾನೆ. ವ್ಯಾಪಾರಿಗಳ ಮೂಟೆ ಹೊತ್ತು ಬದುಕುವವನು. ಮನೆಯಲ್ಲಿ ತಾಯಿ ಒಬ್ಬಳೇ. ಯಾರದೋ ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದು ಸಿಕ್ಕಿಬಿದ್ದ. ನ್ಯಾಯಾಧೀಶರು ಪಾಪ ಅಂತ ಬಿಟ್ಟರು. ಅವನು ಮಾಡಬೇಕಾದದ್ದು ಇಷ್ಟೇ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಮುಂದೆ ಬಂದು ನಿಲ್ಲಬೇಕು. ಅಷ್ಟನ್ನೂ ಮಾಡುತ್ತಿಲ್ಲ. ಮೂರು ಸಲ ತಪ್ಪಿಸಿದ. ಕೇಳಿದರೆ ತಲೆ ತಗ್ಗಿಸುತ್ತಾನೆ, ಮಾತಿಲ್ಲ. ನಾಳೆಯೂ ಬಾರದಿದ್ದರೆ ಮಂಗಳವಾರ ನ್ಯಾಯಾಲಯದಲ್ಲಿ ಹೇಳಿಬಿಡುತ್ತೇನೆ, ಇವನನ್ನು ಬಿಟ್ಟದ್ದು ತಪ್ಪಾಯಿತು, ಒಳಗೆ ಹಾಕಿ ಅಂತ. ತೀರ್ಮಾನ ಮಾಡಿಬಿಟ್ಟಿದ್ದೇನೆ."

"ತೀರ್ಮಾನ ಮಾಡಿಕೊಂಡು ಪ್ರಶ್ನೆ ಕೇಳಲು ಬಂದಿದ್ದೀಯ. ಊಟ ಮುಗಿಸಿ ಕೈ ತೊಳೆದ ಮೇಲೆ ಅಡುಗೆ ಏನು ಅಂತ ಕೇಳಿದ ಹಾಗಾಯಿತು." ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಗೆ ಹಾಕಿದರು. "ಇರಲಿ. ಬಸ್ಸಿಗೆ ಇನ್ನೂ ಹೊತ್ತಿದೆ. ಒಂದು ಕತೆ ಹೇಳುತ್ತೇನೆ, ಕೇಳು. ನಡುವೆ ಬಾಯಿ ಹಾಕಬೇಡ."

ಅವರು ಹೇಳತೊಡಗಿದರು.

ಒಂದು ಊರು. ಊರಿಗೊಂದು ಕೆರೆ. ಕೆರೆಗೊಂದು ತೂಬು, ತೂಬಿನಿಂದ ಹೊರಟದ್ದು ಒಂದೇ ಕಾಲುವೆ. ಕಾಲುವೆಯ ಗುಂಟ ಗದ್ದೆಗಳು. ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ನೀರು ಎಂದು ಪಾಳಿ ಹಂಚುವವನು ನೀರುಗಂಟಿ. ಬೆಳಿಗ್ಗೆ ತೂಬು ಎತ್ತುವವನೂ ಅವನೇ, ಇಳಿಸುವವನೂ ಅವನೇ. ಆ ಊರಿನಲ್ಲಿ ಗೌಡನ ಮಾತನ್ನಾದರೂ ಮೀರಬಹುದಿತ್ತು, ನೀರುಗಂಟಿಯ ಮಾತನ್ನು ಮೀರುವಂತಿರಲಿಲ್ಲ.

ಚಿನ್ನ ಕದಿಯುವವರು ಅಲ್ಲಿರಲಿಲ್ಲ. ಚಿನ್ನವೇ ಇರಲಿಲ್ಲ, ಏನು ಕದಿಯುತ್ತಾರೆ? ಕದಿಯುತ್ತಿದ್ದದ್ದು ನೀರನ್ನು. ಪಕ್ಕದವನ ಪಾಳಿಯ ಹೊತ್ತಿನಲ್ಲಿ ಕಾಲುವೆಯ ದಂಡೆ ಒಡೆದು ತನ್ನ ಗದ್ದೆಗೆ ತಿರುಗಿಸಿಕೊಳ್ಳುವುದು. ಸಿಕ್ಕಿಬಿದ್ದವನನ್ನು ಮೊದಲ ಸಲ ಹೊಡೆಯುತ್ತಿರಲಿಲ್ಲ, ಊರಿನಿಂದ ಓಡಿಸುತ್ತಲೂ ಇರಲಿಲ್ಲ. ಒಂದು ಬೆಳೆಯ ಮಟ್ಟಿಗೆ ನೀರುಗಂಟಿಯ ಹೊಣೆಗೆ ಬಿಡುತ್ತಿದ್ದರು. ನಾಟಿಯಿಂದ ಕೊಯ್ಲಿನವರೆಗೆ ಅವನು ನೆಟ್ಟಗಿದ್ದರೆ ಹಳೆಯ ಮಾತನ್ನು ಯಾರೂ ಎತ್ತುವಂತಿಲ್ಲ. ನಡುವೆ ಬಿದ್ದನೋ, ಅವನ ಗದ್ದೆಗೆ ನೀರು ಹೋಗುವ ಬಾಯಿಗೆ ಚಪ್ಪಡಿ ಕಲ್ಲು ಇಟ್ಟು ಗಾರೆ ಮೆತ್ತಿಬಿಡುತ್ತಿದ್ದರು. ಬಾಯಿಗೆ ಕಲ್ಲು ಬಿದ್ದ ಗದ್ದೆಯಲ್ಲಿ ಹುಲ್ಲೂ ಬೆಳೆಯದು. ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಡಬೇಕಾಗುತ್ತಿತ್ತು.

ಮೊದಲಿದ್ದ ನೀರುಗಂಟಿ ಒಬ್ಬ ಮುದುಕ. ಹೊಣೆಯಲ್ಲಿದ್ದವರನ್ನು ನೋಡಲು ಅವನೇ ಕಾಲುವೆಯ ಗುಂಟ ನಡೆದು ಹೋಗುತ್ತಿದ್ದ. ಅವರ ಗದ್ದೆಯ ಬದುವಿನ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಅದೂ ಇದೂ ಮಾತಾಡಿ ಎದ್ದು ಬರುತ್ತಿದ್ದ. ಅವನ ಕಾಲದಲ್ಲಿ ಬಿದ್ದವರು ಅಪರೂಪ. ಅವನು ತೀರಿಕೊಂಡ ಮೇಲೆ ಹೊಸಬ ಬಂದ. ಹೊಸಬ ಚುರುಕಿನವನು. ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಂದಲೂ ಒಂದು ಕಾಸು ಮುಟ್ಟುವವನಲ್ಲ. ಸ್ವಂತ ತಮ್ಮನ ಗದ್ದೆಗೂ ಒಂದು ಬೊಗಸೆ ನೀರು ಹೆಚ್ಚು ಬಿಡುವವನಲ್ಲ. ಆದರೆ ಮುದುಕನ ಆ ನಡಿಗೆ ಅವನಿಗೆ ಹಿಡಿಸಲಿಲ್ಲ. ಕಳ್ಳನ ಹಿಂದೆ ನಾನು ಅಲೆಯುವುದೇನು, ಕಳ್ಳನೇ ನನ್ನ ಹತ್ತಿರ ಬರಲಿ ಎಂದುಕೊಂಡ.

ತೂಬಿನ ಪಕ್ಕದಲ್ಲಿ ಕಂಬ ನೆಟ್ಟು ಕಂಚಿನ ಗಂಟೆ ಕಟ್ಟಿಸಿದ. ಹೊಣೆಯಲ್ಲಿದ್ದವನು ಪ್ರತಿ ಸಂಜೆ, ಸೂರ್ಯ ಗುಡ್ಡ ಮುಟ್ಟುವ ಹೊತ್ತಿಗೆ, ಅಲ್ಲಿಗೆ ಬಂದು ಗಂಟೆ ಹೊಡೆಯಬೇಕು. ಒಂದು ಸಂಜೆ ತಪ್ಪಿದರೂ ಅವನು ಬಿದ್ದ ಹಾಗೆ. ಊರಿಗೆ ಇದು ಬಹಳ ಹಿಡಿಸಿತು. ಗಂಟೆ ಕೇಳಿಸಿದ ಕೂಡಲೇ, ಕಳ್ಳ ತೂಬಿನ ಹತ್ತಿರ ಇದ್ದಾನೆ, ನಮ್ಮ ಗದ್ದೆಯ ಹತ್ತಿರ ಇಲ್ಲ ಎಂದು ಎಲ್ಲರೂ ನಿಶ್ಚಿಂತೆಯಿಂದ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದರು.

ಆದರೆ ಬೀಳುವವರು ಹೆಚ್ಚಾಗುತ್ತ ಹೋದರು. ಇವತ್ತು ಒಬ್ಬ, ಮುಂದಿನ ಬೆಳೆಗೆ ಇನ್ನೊಬ್ಬ. ಊರ ಗೌಡ ನೀರುಗಂಟಿಯನ್ನು ಕರೆದು ಕೇಳಿದ. ನೀರುಗಂಟಿ ತಡವರಿಸಲಿಲ್ಲ. "ಗೌಡರೇ, ಮುದುಕನ ಕಾಲದಲ್ಲೂ ಇಷ್ಟೇ ಜನ ಬೀಳುತ್ತಿದ್ದರು. ಅವನು ಹಿಡಿಯುತ್ತಿರಲಿಲ್ಲ, ನಾನು ಹಿಡಿಯುತ್ತೇನೆ" ಎಂದ. ಕೂತವರೆಲ್ಲ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಯಾರ ಗಂಟೇನು ಹೋಗಬೇಕು? ಗೌಡನೂ ಆಡಿಸಿದ, ಮಾತು ಅಲ್ಲಿಗೆ ಮುಗಿಯಿತು.

ಕೊಟ್ರೇಶ ತಡೆಯಲಾರದೆ, "ಅವನು ಹೇಳಿದ್ದರಲ್ಲಿ ತಪ್ಪೇನಿದೆ ಗುರುಗಳೇ?" ಎಂದ.

"ಬಾಯಿ ಹಾಕಬೇಡ ಅಂದೆನಲ್ಲ" ಎಂದರು ಗುರುಗಳು. ಮತ್ತೆ ಮುಂದುವರಿಸಿದರು.

ಅದೇ ಊರಿನಲ್ಲಿ ಒಬ್ಬ ರೈತ. ಕಾಲುವೆ ಮುಗಿಯುವ ಕಡೆ ಇರುವ ಗದ್ದೆಗಳಲ್ಲಿ ಅವನದೇ ಕೊನೆಯದು. ಅವನು ಕದ್ದ. ಗತಿಯಿಲ್ಲದೆ ಕದ್ದ ಅಂತ ನಾನು ಹೇಳುವುದಿಲ್ಲ. ಮೇಲಿನ ಗದ್ದೆಯವನ ಪೈರು ತನ್ನದಕ್ಕಿಂತ ಹಸಿರಾಗಿತ್ತು, ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ, ದಂಡೆ ಒಡೆದ. ಗುದ್ದಲಿ ಕೈಯಲ್ಲಿರುವಾಗಲೇ ಸಿಕ್ಕಿಬಿದ್ದ. ಊರು ಅವನನ್ನು ಮುಂದಿನ ಬೆಳೆಗೆ ಹೊಣೆಗೆ ಬಿಟ್ಟಿತು. ಬೇಸಿಗೆಯ ಬೆಳೆ, ಮಳೆಯ ಮಾತೇ ಇಲ್ಲ. ಇರುವುದೆಲ್ಲ ಕೆರೆಯ ನೀರು.

ಅವನ ಹೆಂಡತಿ ಮಾನಿಷ್ಠೆ. ಮಗಳ ಕೈ ಹಿಡಿದು, ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊಸಿಲಿನ ಹೊರಗೆ ನಿಂತಳು. "ಕಳ್ಳನ ಹೆಂಡತಿ ಅನ್ನಿಸಿಕೊಂಡು ಈ ಊರಿನಲ್ಲಿ ನೀರು ಸೇದಲಾರೆ. ಅಪ್ಪನ ಮನೆಗೆ ಹೋಗುತ್ತೇನೆ. ಒಂದು ಸಂಜೆಯೂ ತಪ್ಪದೆ ಗಂಟೆ ಹೊಡೆಯಿರಿ. ಕೊಯ್ಲಾದ ಮೇಲೆ ನಾವಿಬ್ಬರೂ ಬರುತ್ತೇವೆ. ಗಂಟೆ ತಪ್ಪಿತೋ, ನಮ್ಮನ್ನು ಮರೆತುಬಿಡಿ" ಎಂದಳು.

"ತಪ್ಪುವುದಿಲ್ಲ" ಎಂದ ರೈತ.

ಅವಳ ತವರು ಕೆರೆಯ ಆಚೆ ದಡದಲ್ಲಿತ್ತು. ಅವಳು ಕಣ್ಣಿಗೆ ಮರೆಯಾಗುವವರೆಗೂ ಅವನು ಅಂಗಳದಲ್ಲಿ ನಿಂತಿದ್ದ. ಅವನಿಗೆ ನಾಚಿಕೆಯೂ ಆಗಿತ್ತು, ದುಃಖವೂ ಆಗಿತ್ತು. ಆದರೆ ಅಳುತ್ತ ಕೂರಲಿಲ್ಲ. ಆ ಸಂಜೆಯೇ ಹೋಗಿ ಗಂಟೆ ಹೊಡೆದ.

ತೊಡಕು ಬಂದದ್ದು ಅವನ ಪಾಳಿಯ ದಿನ. ವಾರಕ್ಕೆ ಒಂದು ದಿನ ಅವನ ಗದ್ದೆಗೆ ನೀರು. ಬೆಳಿಗ್ಗೆ ತೂಬು ಎತ್ತಿದರೆ ನೀರು ಮೇಲಿನ ಗದ್ದೆಗಳನ್ನೆಲ್ಲ ತುಂಬಿಸಿಕೊಂಡು ಕಾಲುವೆಯ ಕೊನೆ ಮುಟ್ಟುವ ಹೊತ್ತಿಗೆ ಸಂಜೆಯಾಗುತ್ತಿತ್ತು. ಬಂದ ನೀರು ಬಹಳ ಹೊತ್ತು ನಿಲ್ಲುವುದಿಲ್ಲ. ಗದ್ದೆಯವನು ಅಲ್ಲೇ ಇದ್ದು ಬಾಯಿ ತೆರೆದು ಒಳಗೆ ತಿರುಗಿಸಿಕೊಂಡರೆ ಅವನದು, ಇಲ್ಲವಾದರೆ ಹಳ್ಳದ ಪಾಲು. ಬರುವ ಮುಂಚೆಯೇ ಬಾಯಿ ತೆರೆದಿಟ್ಟು ಹೋಗೋಣವೆಂದರೆ, ಆ ಊರಿನಲ್ಲಿ ಅದೂ ಕಳವೇ. ಅವನ ಗದ್ದೆ ಕಾಲುವೆಯ ಈ ತುದಿ, ಗಂಟೆ ಆ ತುದಿ.

ಮೊದಲ ಪಾಳಿಯ ದಿನ ಅವನು ಗಂಟೆಗೆ ಹೋದ. ಗಂಟೆ ಹೊಡೆದು ಓಡಿ ಬರುವಷ್ಟರಲ್ಲಿ ನೀರಿನ ಬಾಲ ಮಾತ್ರ ಉಳಿದಿತ್ತು. ಒಂದು ಮೂಲೆ ನೆನೆಯಿತು, ಅಷ್ಟೇ.

ಮರುದಿನ ನೀರುಗಂಟಿಯ ಹತ್ತಿರ ಹೋಗಿ ಕೈ ಮುಗಿದು ನಿಂತ. "ಅಣ್ಣ, ವಾರಕ್ಕೆ ಒಂದೇ ಒಂದು ಸಂಜೆ ನನ್ನನ್ನು ಬಿಡಿ. ಅವತ್ತು ಬೆಳಿಗ್ಗೆಯೇ ಬಂದು ಗಂಟೆ ಹೊಡೆಯುತ್ತೇನೆ. ಸಂಜೆ ನನ್ನ ಗದ್ದೆಗೆ ನೀರು ಬರುತ್ತದೆ."

ನೀರುಗಂಟಿ ನಕ್ಕ. "ನಿನಗಿಂತ ಮುಂಚೆ ಹೊಣೆಯಲ್ಲಿದ್ದವನೂ ಇದೇ ಮಾತು ಹೇಳಿದ್ದ. ಅವನಿಗಿಂತ ಮುಂಚೆ ಇದ್ದವನೂ ಇದನ್ನೇ ಹೇಳಿದ್ದ. ಎಲ್ಲರೂ ಒಂದೇ ಪಾಠ ಬಾಯಿಪಾಠ ಮಾಡಿಕೊಂಡು ಬರುತ್ತೀರಿ."

"ಅವರು ಏನಾದರು?"

"ಏನಾಗುತ್ತಾರೆ, ಬಿದ್ದರು. ನಿನಗೊಬ್ಬನಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು. ಹೋಗು, ಹೊತ್ತಿಗೆ ಸರಿಯಾಗಿ ಬಾ."

ಅಲ್ಲ ಕೊಟ್ರೇಶ, ನೋಡು. ಹತ್ತು ಜನ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳಿದರೆ ನೀನು ಏನು ತಿಳಿಯುತ್ತೀಯ? ಮಾತಿನಲ್ಲಿ ಏನೋ ಇರಬೇಕು ಅಂತ ತಾನೇ? ಅವನು ಹಾಗೆ ತಿಳಿಯಲಿಲ್ಲ. ಹತ್ತೂ ಜನ ಸುಳ್ಳರು ಅಂತ ತಿಳಿದ. ಬಾಯಿ ಹಾಕಬೇಡ, ನಾನೇ ಹೇಳುತ್ತೇನೆ.

ರೈತ ಮೇಲಿನ ಗದ್ದೆಯವನನ್ನು ಕೇಳಿ ನೋಡಿದ. ತಾನು ಗಂಟೆಗೆ ಹೋದಾಗ ಬಾಯಿ ತೆರೆದು ನೀರು ತಿರುಗಿಸಿಕೊಡಲು ಸಾಧ್ಯವೇ ಎಂದ. ಅವನು, "ಮೊನ್ನೆ ನನ್ನ ನೀರನ್ನೇ ಕದ್ದೆ. ಈಗ ನಿನ್ನ ಗದ್ದೆಗೆ ಕೈ ಹಚ್ಚಿ ನಾನೂ ಕಳ್ಳ ಅನ್ನಿಸಿಕೊಳ್ಳಬೇಕೋ?" ಎಂದು ಮುಖ ತಿರುಗಿಸಿದ. ಅವನದೇನೂ ತಪ್ಪಿಲ್ಲ. ಕದಿಸಿಕೊಂಡವನಿಗೆ ಅಷ್ಟು ಸಿಟ್ಟಾದರೂ ಇರಬೇಡವೇ?

ರೈತ ಮನೆಗೆ ಬಂದು ಯೋಚಿಸಿದ. ಗಂಟೆ ಬಿಟ್ಟರೆ ಹೆಂಡತಿ ಮಗಳು ಇಲ್ಲ, ಗದ್ದೆಯೂ ಇಲ್ಲ. ನೀರು ಬಿಟ್ಟರೆ ಬೆಳೆಯಿಲ್ಲ, ಅವರು ಬಂದರೂ ಉಣ್ಣಿಸಲು ಅನ್ನವಿಲ್ಲ. ಎರಡನ್ನೂ ಬಿಡುವುದಿಲ್ಲ ಎಂದು ಹಟ ಹಿಡಿದ. ಗದ್ದೆಯ ನಡುವೆ ಬದು ಹಾಕಿ, ಒಂದು ಅರ್ಧವನ್ನು ಒಣಗಲು ಬಿಟ್ಟುಕೊಟ್ಟ. ಇನ್ನೊಂದು ಅರ್ಧವನ್ನು ಉಳಿಸಿಯೇ ತೀರುತ್ತೇನೆಂದು ನಿಂತ. ಬೆಳಗಾದರೆ ದೂರದ ಬಾವಿಯಿಂದ ಕಾವಡಿಯಲ್ಲಿ ನೀರು ಹೊತ್ತ. ಪಾಳಿಯ ಸಂಜೆ ಗಂಟೆ ಹೊಡೆದವನೇ ಕಾಲುವೆಯ ದಂಡೆ ಹಿಡಿದು ಓಡಿದ. ದಂಡೆಯ ತುಂಬ ಕಲ್ಲು, ಮುಳ್ಳು. ಸಿಕ್ಕಷ್ಟು ನೀರನ್ನು ಆ ಅರ್ಧ ಗದ್ದೆಗೆ ಕಟ್ಟಿದ.

ದಾರಿಯಲ್ಲಿ ನೋಡಿದವರು, "ಏನೋ, ಗಂಟೆ ಹೊಡೆದವನು ಹಾಗೆ ಓಡುತ್ತೀಯ, ಯಾರ ದಂಡೆ ಒಡೆಯಬೇಕು?" ಎಂದು ಚುಚ್ಚುತ್ತಿದ್ದರು. ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಹೋಗಿ ಗಂಟೆ ಹೊಡೆದ. ನೀರುಗಂಟಿ ಊರವರ ಮುಂದೆ ಅವನನ್ನು ತೋರಿಸಿ, "ನನ್ನ ಬಿಗಿ ಹೇಗಿದೆ ನೋಡಿ" ಎಂದು ಹೇಳಿಕೊಳ್ಳುತ್ತಿದ್ದ.

ಹೀಗೆ ತಿಂಗಳುಗಳು ಕಳೆದವು. ಅರ್ಧ ಗದ್ದೆಯ ಪೈರು ತೆನೆ ಕಟ್ಟಿತು. ಕಾಳಿಗೆ ಹಾಲು ತುಂಬುವ ಹೊತ್ತು. ಆಗ ಒಂದು ಸಲ ಗದ್ದೆ ಚೆನ್ನಾಗಿ ನೆನೆಯಲೇಬೇಕು, ಇಲ್ಲವಾದರೆ ತೆನೆ ಬಿಳಿಚಿ ಜೊಳ್ಳಾಗುತ್ತದೆ. ಅದೇ ಹೊತ್ತಿಗೆ ಬಾವಿ ಬತ್ತಿತು. ಕೆರೆಯಲ್ಲೂ ನೀರು ಇಳಿದು ಕಾಲುವೆಯ ಹರಿವು ಸಣ್ಣದಾಯಿತು. ಕೊನೆಯ ಗದ್ದೆಗೆ ನೀರು ಬಂದ ಹಾಗೆ ಮಾಡಿ ನಿಂತುಹೋಗುತ್ತಿತ್ತು. ಗಂಟೆಗೆ ಹೋಗಿ ಓಡಿ ಬಂದರೆ ಇನ್ನು ಒಂದು ಹನಿಯೂ ಸಿಗುವಂತಿರಲಿಲ್ಲ.

ಪಾಳಿಯ ದಿನ ಬಂತು. ಅವನು ಮತ್ತೊಮ್ಮೆ ಹೋಗಿ ನೀರುಗಂಟಿಯ ಕಾಲು ಹಿಡಿದ. ನೀರುಗಂಟಿ, "ಇಷ್ಟು ದಿನ ನೆಟ್ಟಗಿದ್ದವನು ಕೊನೆಗೆ ಬಾಲ ಬಿಚ್ಚುತ್ತೀಯ?" ಎಂದು ಗದರಿ ಕಳಿಸಿದ.

ಸಂಜೆಯಾಯಿತು. ರೈತ ಗದ್ದೆಯ ಬಾಯಿಯ ಹತ್ತಿರ ನಿಂತಿದ್ದ. ಸೂರ್ಯ ಗುಡ್ಡದ ಕಡೆ ಇಳಿಯುತ್ತಿದ್ದ. ಹೊರಡುವುದಾದರೆ ಆಗಲೇ ಹೊರಡಬೇಕಿತ್ತು. ಕಾಲುವೆಯಲ್ಲಿ ನೀರಿನ ಸದ್ದು ಕೇಳಿಸಿತು. ಅವನು ತೆನೆಗಳನ್ನು ನೋಡಿದ. ಇದು ನನ್ನ ಪಾಳಿ, ನನ್ನ ನೀರು, ನಾನು ಯಾರದನ್ನೂ ಕದಿಯುತ್ತಿಲ್ಲ ಎಂದುಕೊಂಡ. ಗುದ್ದಲಿ ಎತ್ತಿ ಬಾಯಿ ತೆರೆದ.

ಆ ಸಂಜೆ ಊರಿನಲ್ಲಿ ಗಂಟೆ ಕೇಳಿಸಲಿಲ್ಲ. ಜನ ಕಿವಿ ನಿಮಿರಿಸಿ ಕಾದರು. ಆಮೇಲೆ ದೊಣ್ಣೆ ಹಿಡಿದು, ಕಳ್ಳ ಹೊರಬಿದ್ದ ಎಂದು ಕೂಗುತ್ತ ಕಾಲುವೆಯ ಗುಂಟ ಓಡಿದರು. ತಮ್ಮ ತಮ್ಮ ಗದ್ದೆ ನೋಡಿಕೊಂಡರು. ಯಾರ ದಂಡೆಯೂ ಒಡೆದಿರಲಿಲ್ಲ. ಕೊನೆಗೆ ಅವನು ಸಿಕ್ಕಿದ್ದು ಅವನದೇ ಗದ್ದೆಯಲ್ಲಿ, ಪಾದ ಮುಳುಗುವಷ್ಟು ಅವನದೇ ನೀರಿನಲ್ಲಿ. ಆದರೂ ಹಿಡಿದುಕೊಂಡು ಹೋದರು. ದೊಣ್ಣೆ ತಂದಿದ್ದರಲ್ಲ.

ಬೆಳಿಗ್ಗೆ ಪಂಚಾಯಿತಿ ಕೂಡಿತು. ಗೌಡ ಕೇಳಿದ: "ಗಂಟೆಗೆ ಯಾಕೆ ಬರಲಿಲ್ಲ?"

"ನೀರು ಕಟ್ಟುತ್ತಿದ್ದೆ."

"ಯಾರ ನೀರು?"

"ನನ್ನದೇ. ನಿನ್ನೆ ನನ್ನ ಪಾಳಿ."

ಗೌಡ ನೀರುಗಂಟಿಯ ಮುಖ ನೋಡಿದ. ನೀರುಗಂಟಿ, "ಪಾಳಿ ಅವನದೇ, ಇಲ್ಲವೆನ್ನುವುದಿಲ್ಲ. ಆದರೆ ನಾವು ಆಡುತ್ತಿರುವುದು ನೀರಿನ ಮಾತಲ್ಲ, ಗಂಟೆಯ ಮಾತು. ಗಂಟೆ ತಪ್ಪಿದರೆ ಬಿದ್ದ ಹಾಗೆ ಅಂತ ನೀವೇ ಒಪ್ಪಿದ್ದೀರಿ. ಇವನೂ ಬಿದ್ದ. ನನ್ನ ಕೈಗೆ ಕೊಟ್ಟವರಲ್ಲಿ ಬಹಳ ಜನ ಹೀಗೇ ಬೀಳುತ್ತಿದ್ದಾರೆ. ನನ್ನನ್ನು ಕೇಳಿದರೆ, ಹೊಣೆಗೆ ಬಿಡುವ ಈ ಪದ್ಧತಿಯನ್ನೇ ತೆಗೆದುಬಿಡಿ. ಮೊದಲ ಸಲಕ್ಕೇ ಕಲ್ಲು ಇಟ್ಟುಬಿಡೋಣ" ಎಂದ.

ಮತ್ತೆ ಎಲ್ಲರೂ ತಲೆಯಾಡಿಸಿದರು. ಚಪ್ಪಡಿ ಕಲ್ಲನ್ನು ಗಾಡಿಗೆ ಹೇರಿಕೊಂಡು ಕಾಲುವೆಯ ಕೊನೆಗೆ ಹೊರಟರು. ರೈತನನ್ನೂ ಜೊತೆಗೆ ನಡೆಸಿಕೊಂಡು ಹೋದರು.

ಅಲ್ಲಿ ಗದ್ದೆಯ ಬಾಯಿಯಲ್ಲಿ ಅವನ ಹೆಂಡತಿ ಕೂತಿದ್ದಳು, ತೊಡೆಯ ಮೇಲೆ ಮಗಳು. ಆಚೆ ದಡದ ತವರಿನಲ್ಲಿ ಇಷ್ಟು ದಿನ ಪ್ರತಿ ಸಂಜೆ ಗಂಟೆ ಕೇಳಿಸುತ್ತಿತ್ತು. ಅದು ಕೇಳಿಸುವವರೆಗೆ ಮಗಳು ತುತ್ತು ಮುಟ್ಟುತ್ತಿರಲಿಲ್ಲ. ನಿನ್ನೆ ಕೇಳಿಸಲಿಲ್ಲ. ಅವಳಿಗೆ ಸಿಟ್ಟು ಬಂತು. ಮುಖಕ್ಕೆ ಹೊಡೆದ ಹಾಗೆ ಕೇಳಿಬರುತ್ತೇನೆ ಎಂದು ಬೆಳಗಾಗುತ್ತಲೇ ನಡೆದು ಬಂದಿದ್ದಳು. ಬಂದು ನೋಡಿದರೆ ಅರ್ಧ ಗದ್ದೆ ಒಣಗಿ ಬಿರುಕು ಬಿಟ್ಟಿತ್ತು, ಇನ್ನರ್ಧ ತೆನೆ ತೂಗುತ್ತಿತ್ತು. ಬದುವಿನ ಮೇಲೆ ಸವೆದ ಕಾವಡಿ ಬಿದ್ದಿತ್ತು.

ಜನರ ನಡುವೆ ಗಂಡ ಬರುವುದನ್ನು ಅವಳು ನೋಡಿದಳು. ಅವನ ಪಾದಗಳನ್ನು ನೋಡಿದಳು. ಒಡೆದು, ಮುಳ್ಳು ಹೊಕ್ಕು, ಮತ್ತೆ ಒಡೆದ ಪಾದಗಳು.

"ಗಂಟೆ ತಪ್ಪಿತಲ್ಲ" ಎಂದಳು.

"ತಪ್ಪಿತು. ತಪ್ಪಿಸಬಾರದು ಅಂತಲೇ ಇದ್ದೆ."

ಅವಳಿಗೆ ಅಳು ಬಂತು. ಅತ್ತಳು, ಆದರೆ ಕೂತಲ್ಲಿಂದ ಏಳಲಿಲ್ಲ. ಕಲ್ಲು ತಂದವರಿಗೆ, "ಇಡುವುದಾದರೆ ನಮ್ಮಿಬ್ಬರ ಮೇಲೆ ಇಡಿ. ನಾನು ಏಳುವುದಿಲ್ಲ" ಎಂದಳು. ಬೈದರು, ಹೆದರಿಸಿದರು, ಹೆಂಗಸರನ್ನು ಕರೆಸಿ ಬುದ್ಧಿ ಹೇಳಿಸಿದರು. ಅವಳು ಏಳಲಿಲ್ಲ.

ಬಿಸಿಲು ಏರಿತು. ಗೌಡನಿಗೆ ವಯಸ್ಸಾಗಿತ್ತು, ಕಾಲು ನೋಯುತ್ತಿತ್ತು. ಕಾಲುವೆಯ ಈ ಕೊನೆಗೆ ಅವನು ಬಂದು ಎಷ್ಟೋ ಕಾಲವಾಗಿತ್ತು. ಕೂರಲು ಜಾಗ ಹುಡುಕಿದ. ಕಾಲುವೆಯ ಎದುರು ದಂಡೆಯ ಗದ್ದೆಯ ಹತ್ತಿರ ಒಂದು ಚಪ್ಪಡಿ ಕಲ್ಲು ಕಂಡಿತು, ಹೋಗಿ ಕೂತ. ಕೂತ ಮೇಲೆ ಕೇಳಿದ: "ಇದು ಯಾರ ಗದ್ದೆಯ ಕಲ್ಲು?"

ಯಾರೋ ಹೇಳಿದರು, ಹಿಂದಿನ ಬೆಳೆಗೆ ಬಿದ್ದವನದು ಎಂದು. ಗೌಡ ಆಚೆ ನೋಡಿದ. ಅದರಾಚೆಯ ಗದ್ದೆಗೂ ಕಲ್ಲು. ಅದರಾಚೆಗೂ ಕಲ್ಲು. ಕಾಲುವೆಯ ಕೊನೆಯಲ್ಲಿ ಆ ದಂಡೆಯುದ್ದಕ್ಕೂ ಸಾಲಾಗಿ ಕಲ್ಲುಗಳೇ, ಅವುಗಳ ಹಿಂದೆ ಪಾಳು ಬಿದ್ದ ಗದ್ದೆಗಳು.

"ಕಲ್ಲುಗಳೆಲ್ಲ ಇಲ್ಲೇ ಯಾಕಿವೆ?" ಎಂದ ಗೌಡ. "ತೂಬಿನ ಹತ್ತಿರದ ಗದ್ದೆಗಳಲ್ಲಿ ಕಳ್ಳರೇ ಇರಲಿಲ್ಲವೋ?"

"ಇದ್ದರು" ಎಂದ ನೀರುಗಂಟಿ. "ಅವರು ಒಂದು ಸಂಜೆಯೂ ತಪ್ಪಿಸಲಿಲ್ಲ. ಕೊಯ್ಲಿನವರೆಗೆ ಗಂಟೆ ಹೊಡೆದು ಹೊಣೆ ಕಳೆದುಕೊಂಡರು."

"ಅವರ ಗದ್ದೆಗೆ ನೀರು ಯಾವಾಗ?"

"ಬೆಳಿಗ್ಗೆ."

"ಈ ಗದ್ದೆಗಳಿಗೆ?"

ನೀರುಗಂಟಿ ಬಾಯಿ ತೆರೆದ. ದಿನ ಬೆಳಗಾದರೆ ತೂಬು ಎತ್ತುವವನು ಅವನೇ. ನೀರು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. "ಸಂಜೆ" ಎಂದ. ಹೇಳಿದ ಮೇಲೆ ತಲೆ ತಿರುಗಿಸಿ ತೂಬಿನ ಕಡೆ ನೋಡಿದ. ಅಲ್ಲಿಂದ ಗಂಟೆಯ ಕಂಬವೂ ಕಾಣುತ್ತಿರಲಿಲ್ಲ, ಅಷ್ಟು ದೂರ. ಅವನ ಮುಖ ಸಪ್ಪೆಯಾಯಿತು.

ಗೌಡ ಆ ಕಲ್ಲಿನ ಮೇಲಿನಿಂದ ಎದ್ದ. ಗಾಡಿಯಲ್ಲಿದ್ದ ಚಪ್ಪಡಿಯನ್ನು ವಾಪಸ್ಸು ಕಳಿಸಿದ. ಗಂಟೆ ಬಿಚ್ಚಿ ತಂದು ಇಲ್ಲಿ ಕಟ್ಟಿ, ನೀರುಗಂಟಿಯೇ ನಡೆದು ಬಂದು ನೋಡಲಿ ಎಂದ. ನೀರುಗಂಟಿ ಬೇಡವೆನ್ನಲಿಲ್ಲ. ಅವತ್ತಿನಿಂದ ಪ್ರತಿ ಸಂಜೆ ನಡೆದ. ಮೊದಲು ಗೊಣಗುತ್ತ ನಡೆದ, ಆಮೇಲೆ ಸುಮ್ಮನೆ ನಡೆದ. ರೈತ ಅರ್ಧ ಗದ್ದೆಯ ಭತ್ತ ಕೊಯ್ದ. ಹೆಂಡತಿ ಮಗಳು ತವರಿಗೆ ಹಿಂದಿರುಗಲಿಲ್ಲ.

ಮುಂದೆ ಬೀಳುವವರು ಕಡಿಮೆಯಾದರು. ಯಾರೂ ಬೀಳಲೇ ಇಲ್ಲ ಅಂತ ನಾನು ಹೇಳಿದರೆ ನೀನು ನಂಬಬೇಡ. ಒಬ್ಬ ಇದ್ದ. ಗಂಟೆ ಪಕ್ಕದಲ್ಲೇ ಇತ್ತು, ನೀರೂ ಹೊತ್ತಿಗೆ ಬರುತ್ತಿತ್ತು, ಆದರೂ ದಂಡೆ ಒಡೆದ. ಅವನ ಗದ್ದೆಗೆ ಕಲ್ಲು ಇಟ್ಟರು. ಯಾರೂ ಅಡ್ಡ ಕೂರಲಿಲ್ಲ. ಹಳೆಯ ಕಲ್ಲುಗಳನ್ನು ಮಾತ್ರ ಗೌಡ ನಿಂತು ಎತ್ತಿಸಿದ. ಊರು ಬಿಟ್ಟು ಹೋದವರಿಗೆ ಹೇಳಿ ಕಳಿಸಿದ. ಅವರಲ್ಲಿ ಒಬ್ಬರೂ ಹಿಂದಿರುಗಿ ಬರಲಿಲ್ಲ.

ಗುರುಗಳು ನಿಲ್ಲಿಸಿದರು. ತಟ್ಟೆಯಲ್ಲಿ ಬತ್ತಿಗಳು ತುಂಬಿದ್ದವು.

ಕೊಟ್ರೇಶನಿಗೆ ಸಿಟ್ಟು ಬಂದಿತ್ತು. "ಆ ನೀರುಗಂಟಿ ಎಂಥವನು ಗುರುಗಳೇ! ಸಂಜೆ ಗಂಟೆ ಹೊಡೆಯಬೇಕು ಅಂತ ಹೇಳಿದವನು ಅವನೇ. ಸಂಜೆ ಅಲ್ಲಿಗೆ ನೀರು ಹೋಗುತ್ತದೆ ಅಂತ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದೂ ಅವನಿಗೇ. ಕಣ್ಣಿರಲಿಲ್ಲವೇ ಅವನಿಗೆ?"

"ಕಣ್ಣಿತ್ತು. ಗಂಟೆಯೂ ಗೊತ್ತಿತ್ತು, ನೀರೂ ಗೊತ್ತಿತ್ತು. ಎರಡನ್ನೂ ಒಂದೇ ಹೊತ್ತಿನಲ್ಲಿ ಯೋಚಿಸಿರಲಿಲ್ಲ."

"ಅಷ್ಟು ಯೋಚಿಸಲಾರದವನ ಕೈಗೆ ಜನರ ಬದುಕು ಕೊಡಬಾರದಿತ್ತು" ಎಂದ ಕೊಟ್ರೇಶ.

ಬೆಟ್ಟದ ಕೆಳಗೆ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಎದ್ದು ಗುರುಗಳ ಪಾದ ಮುಟ್ಟಿ, ಚೀಲ ಹೆಗಲಿಗೆ ಏರಿಸಿ ಮೆಟ್ಟಿಲ ಕಡೆ ತಿರುಗಿದ. ಗುರುಗಳು ಹಿಂದಿನಿಂದ ಕರೆದು ಕೇಳಿದರು:

"ಅಲ್ಲ ಕೊಟ್ರೇಶ, ನಾಳೆ ಬೆಳಗಿನ ಬಸ್ಸಿನಲ್ಲಿ ಯಾಕೆ ಜಾಗ ಇರುವುದಿಲ್ಲ ಅಂದೆ?"